ಮೊಟ್ಟೆ ತರದ ಮನೆಯಲ್ಲಿ ಮೊಟ್ಟೆ ವಾಸನೆ

ನಮ್ಮ ಮನೆಗೆ ಮೊಟ್ಟೆ ಬರಲ್ಲ. ಹಾಗಾಗಿ ಆ ಶನಿವಾರ ಮಧ್ಯಾಹ್ನ ಅಮ್ಮ ಅಡುಗೆಮನೆಯಿಂದ "ಎಲ್ಲೋ ಮೊಟ್ಟೆ ಕೊಳೆತ ವಾಸನೆ ಬರ್ತಿದೆ ಕಣೋ" ಅಂದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹನುಮಂತನಗರದ ನಮ್ಮ ಗಲ್ಲಿಯಲ್ಲಿ ಯಾವುದಾದರೂ ಒಂದು ವಾಸನೆ ಇದ್ದೇ ಇರುತ್ತೆ. ಅಮ್ಮ ಮೊದಲು ಗ್ಯಾಸ್ ಇರಬೇಕು ಅಂದುಕೊಂಡು ರೆಗ್ಯುಲೇಟರ್ ಆಫ್ ಮಾಡಿ ಕಿಟಕಿ ತೆಗೆದಳು. ಆಮೇಲೆ ಸಿಂಕ್ ಕೆಳಗೆ ಬಗ್ಗಿ ಮೂಸಿದಳು. ಆಮೇಲೆ ಹೊರಗೆ ಹೋಗಿ ಒಳಚರಂಡಿಯ ಚೇಂಬರ್ ಮುಚ್ಚಳದ ಹತ್ತಿರ ಒಂದು ನಿಮಿಷ ನಿಂತು, "ಇಲ್ಲೇನೂ ಇಲ್ಲವಲ್ಲ" ಅಂತ ಸ್ವಲ್ಪ ನಿರಾಸೆಯಿಂದಲೇ ಒಳಗೆ ಬಂದಳು. ಅರ್ಧ ಗಂಟೆ ಕಳೆದ ಮೇಲೆ "ಈಗ ಕಮ್ಮಿ ಆಯ್ತು ಅಲ್ವಾ" ಅಂದಳು. ಹೌದು ಅಂದೆ.

ಕಮ್ಮಿ ಆಗಿರಲಿಲ್ಲ. ನಮ್ಮ ಮೂಗು ಒಗ್ಗಿಕೊಂಡಿತ್ತು, ಅಷ್ಟೇ.

ಇದು 2024ರ ಏಪ್ರಿಲ್. ಬೆಂಗಳೂರಿನವರಿಗೆ ಆ ಬೇಸಿಗೆ ನೆನಪಿರುತ್ತೆ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ಕ್ಯೂ ನಿಂತು, ಮಧ್ಯಾಹ್ನ 37–38 ಡಿಗ್ರಿ ಬಿಸಿಲಲ್ಲಿ ಬೆಂದ ಬೇಸಿಗೆ. ಕರೆಂಟೂ ಹೋಗಿ ಬಂದು ಮಾಡುತ್ತಿತ್ತು.

ಸಂಜೆ ಐದೂವರೆಗೆ ಅಪ್ಪ ರಾಮಾಂಜನೇಯ ಗುಡ್ಡದ ಕಡೆ ವಾಕಿಂಗ್ ಮುಗಿಸಿಕೊಂಡು ಬಂದರು. ಹೊಸಿಲ ಮೇಲೆ ಒಂದು ಕಾಲಿಟ್ಟವರು ಅಲ್ಲೇ ನಿಂತರು. "ಯಾವುದೋ ಬ್ಯಾಟರಿ ಬೇಯ್ತಾ ಇದೆ" ಅಂದರು.

ಅಪ್ಪ ಮೂವತ್ತು ವರ್ಷಕ್ಕೂ ಜಾಸ್ತಿ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕೆಲಸ ಮಾಡಿದವರು. ಎಕ್ಸ್‌ಚೇಂಜ್ ಓಡುವುದು 48 ವೋಲ್ಟಿನಲ್ಲಿ, ಅದಕ್ಕೆ 2 ವೋಲ್ಟಿನ 24 ಸೆಲ್‌ಗಳ ಸಾಲು, ಅದಕ್ಕೇ ಅಂತ ಒಂದು ಬ್ಯಾಟರಿ ರೂಮು. ಅಲ್ಲಿ ಯಾವಾಗಲೂ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿರಬೇಕು, ಒಳಗೆ ಬೀಡಿ ಹಚ್ಚಿದವನಿಗೆ ಮೆಮೋ ಗ್ಯಾರಂಟಿ. ಈ ಕಥೆಗಳನ್ನು ಚಿಕ್ಕಂದಿನಿಂದ ಕೇಳಿ ಕೇಳಿ ನನಗೆ ಬೋರಾಗಿತ್ತು. ಬಾಲ್ಕನಿಯ ಇನ್ವರ್ಟರ್ ಬ್ಯಾಟರಿಯನ್ನಂತೂ ಅಪ್ಪ ಮನೆ ಮಗನ ಹಾಗೆ ನೋಡಿಕೊಳ್ಳುತ್ತಾರೆ. ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್, ಟರ್ಮಿನಲ್‌ಗೆ ವ್ಯಾಸಲೀನ್, ಆಯುಧಪೂಜೆಗೆ ಅರಿಶಿನ ಕುಂಕುಮ, ಒಂದು ಸೇವಂತಿಗೆ. ಅವತ್ತು ಸೀದಾ ಅದರ ಹತ್ತಿರ ಹೋದರು. ಅದು ತಣ್ಣಗೆ ಕೂತಿತ್ತು.

"ಇನ್ನೆಲ್ಲಿ ಬ್ಯಾಟರಿ ಇದೆ ಮನೇಲಿ?"

ನನಗೆ ಹೊಳೆಯಲೇ ಇಲ್ಲ. ನಿಜವಾಗಿ. ನನ್ನ ಟೇಬಲ್ ಕೆಳಗಿನ ಕಪಾಟಿನಲ್ಲಿ, ಬಾಗಿಲು ಮುಚ್ಚಿ, ಹಳೇ ಡೈರಿ, ಚಾರ್ಜರ್ ವೈರುಗಳ ಗಂಟಿನ ಹಿಂದೆ ಒಂದು ಯುಪಿಎಸ್ ಇತ್ತು, ಕರೆಂಟ್ ಹೋದಾಗ ಕಂಪ್ಯೂಟರ್ ಆರದಂತೆ ನೋಡಿಕೊಳ್ಳುವ ಡಬ್ಬ. 2020ರ ಲಾಕ್‌ಡೌನ್‌ನಲ್ಲಿ ಮನೆಯಿಂದಲೇ ಕೆಲಸ ಶುರುವಾದಾಗ ತಂದಿದ್ದು. ಅದರ ಹೊಟ್ಟೆಯಲ್ಲಿ 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದು ಕಪ್ಪು ಇಟ್ಟಿಗೆ. ಸೀಲ್ಡ್, ಮೇಂಟೆನೆನ್ಸ್ ಫ್ರೀ ಅಂತ ಅದರ ಮೇಲೇ ಬರೆದಿರುತ್ತೆ. ನೋಡಿಕೊಳ್ಳುವುದು ಬೇಡ ಅನ್ನುವುದನ್ನು ನಾನು ನೋಡುವುದೇ ಬೇಡ ಅಂತ ಓದಿಕೊಂಡಿದ್ದೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ, ಕುಂಕುಮ ಹಚ್ಚುವುದಿರಲಿ.

ಕಪಾಟಿನ ಬಾಗಿಲು ತೆಗೆದ ಕೂಡಲೇ ವಾಸನೆ ಮುಖಕ್ಕೆ ಹೊಡೆಯಿತು. ಡಬ್ಬದ ಮೇಲೆ ಕೈ ಇಡಲು ಆಗುತ್ತಿರಲಿಲ್ಲ, ಅಷ್ಟು ಸುಡುತ್ತಿತ್ತು. ಅಪ್ಪ ಗೋಡೆಯ ಸ್ವಿಚ್ ಆಫ್ ಮಾಡಿಸಿದರು. ಯುಪಿಎಸ್ ಕೀಂ ಕೀಂ ಅಂತ ಅರಚಿಕೊಂಡಿತು, ಅದರ ಸ್ವಂತ ಬಟನ್ ಒತ್ತಿ ಸುಮ್ಮನಾಗಿಸಿದೆ. (ಇದು ತುಂಬಾ ಜನಕ್ಕೆ ಗೊತ್ತಿರಲ್ಲ: ಗೋಡೆಯಿಂದ ಪ್ಲಗ್ ಕಿತ್ತರೂ ಯುಪಿಎಸ್ ಆನ್ ಇದ್ದರೆ ಅದರ ಹಿಂದಿನ ಸಾಕೆಟ್‌ನಲ್ಲಿ 230 ವೋಲ್ಟ್ ಇದ್ದೇ ಇರುತ್ತೆ.) ಅಮ್ಮ ದೇವರ ದೀಪ ಹಚ್ಚಲು ಕಡ್ಡಿಪೆಟ್ಟಿಗೆ ತೆಗೆದಿದ್ದಳು. ಅಪ್ಪ ಕೂಗಿದ ರಭಸಕ್ಕೆ ಅದು ಕೈಯಿಂದ ಬಿತ್ತು. ಎಲ್ಲ ಕಿಟಕಿ ತೆಗೆದು ಮೂರೂ ಜನ ಜಗಲಿಯಲ್ಲಿ ಕೂತೆವು.

ಅಲ್ಲಿ ಅಪ್ಪ ಹೇಳಿದ್ದನ್ನು ಮೊದಲ ಸಲ ಬೋರಾಗದೆ ಕೇಳಿದೆ. ಬ್ಯಾಟರಿ ಚಾರ್ಜ್ ಆಗುವಾಗ ಒಳಗಿನ ನೀರು ಒಡೆದು ಆಮ್ಲಜನಕ, ಹೈಡ್ರೋಜನ್ ಆಗುತ್ತೆ. ಇನ್ವರ್ಟರ್ ಬ್ಯಾಟರಿಯಲ್ಲಿ ಅದು ಮುಚ್ಚಳದ ತೂತಿನಿಂದ ಹೊರಗೆ ಹೋಗುತ್ತೆ, ಅದಕ್ಕೇ ನೀರು ಹಾಕುತ್ತಾ ಇರಬೇಕು. ಸೀಲ್ಡ್ ಬ್ಯಾಟರಿಯಲ್ಲಿ ಆಸಿಡ್ ನೀರಿನ ಹಾಗೆ ಅಲ್ಲಾಡುವುದಿಲ್ಲ, ಗಾಜಿನ ಎಳೆಗಳ ಹತ್ತಿಯಂಥ ಹಾಳೆಯಲ್ಲಿ ಹೀರಿಕೊಂಡಿರುತ್ತೆ. ಆಮ್ಲಜನಕ ಆ ಹಾಳೆ ದಾಟಿ ಇನ್ನೊಂದು ಪ್ಲೇಟಿಗೆ ಹೋಗಿ ಮತ್ತೆ ನೀರಾಗುತ್ತೆ. ಎಲ್ಲ ಸರಿ ಇದ್ದರೆ ಒಳಗಿನ ಸಂಸಾರ ಒಳಗೇ ನಡೆಯುತ್ತೆ. ಆದರೆ ಸೀಲ್ಡ್ ಅಂದರೆ ಪೂರ್ತಿ ಬಿಗಿದಿದ್ದು ಅಲ್ಲ. ಮೇಲಿನ ಪಟ್ಟಿಯ ಕೆಳಗೆ ಒಂದೊಂದು ಸೆಲ್ಲಿಗೂ ಒಂದೊಂದು ರಬ್ಬರ್ ಟೋಪಿ ಇರುತ್ತೆ, ಒತ್ತಡ ಜಾಸ್ತಿಯಾದರೆ ಅದು ಎದ್ದು ಗ್ಯಾಸ್ ಬಿಡುತ್ತೆ. ಬಿಡುವ ಗ್ಯಾಸಿನಲ್ಲಿ ಮುಖ್ಯವಾದದ್ದು ಹೈಡ್ರೋಜನ್. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಗಾಳಿಯಲ್ಲಿ 4 ಪರ್ಸೆಂಟ್ ಸೇರಿದರೆ ಒಂದು ಕಿಡಿ ಸಾಕು. ಮೊಟ್ಟೆ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡ್‌ನಿಂದ, ಬ್ಯಾಟರಿ ಅತಿಯಾಗಿ ಚಾರ್ಜಾಗಿ ಕಾದಾಗ. ಅದು ವಿಷವೂ ಹೌದು. ಜಾಸ್ತಿ ಇದ್ದರೆ ಮೂಗಿನ ಶಕ್ತಿಯನ್ನೇ ಕುಂದಿಸಿಬಿಡುತ್ತೆ. ವಾಸನೆ ಹೋಯಿತು ಅಂತ ನಾವಂದುಕೊಂಡರೆ ಹೋಗಿರುವುದು ನಮ್ಮ ಮೂಗು.

"ಬೆಳಿಗ್ಗೆ ತನಕ ಮುಟ್ಟಬೇಡ, ತಣ್ಣಗಾಗಲಿ" ಅಂದರು ಅಪ್ಪ.

ನಾನು ಎಂಟು ಗಂಟೆಗೇ ಮುಟ್ಟಿದೆ. ಅಪ್ಪ ನ್ಯೂಸ್ ನೋಡುತ್ತಿದ್ದರು. ನನಗೆ ಸೋಮವಾರದ ಕೆಲಸದ ಚಿಂತೆ, ಜೊತೆಗೆ 12 ವೋಲ್ಟ್ ಏನು ಮಹಾ ಅನ್ನುವ ಧೈರ್ಯ. ನಾಲ್ಕು ಸ್ಕ್ರೂ ಬಿಚ್ಚಿ ಡಬ್ಬ ತೆಗೆದೆ. ಬ್ಯಾಟರಿಯ ಎರಡೂ ಬದಿ ಉಬ್ಬಿ, ಹಬೆಯಲ್ಲಿ ಬೆಂದ ಕಡುಬಿನ ಹಾಗೆ ಆಗಿತ್ತು. ಉಬ್ಬಿದ್ದರಿಂದ ಅದರ ಗೂಡಿನಲ್ಲಿ ಸಿಕ್ಕಿಹಾಕಿಕೊಂಡಿತ್ತು, ಎಳೆದರೆ ಬರಲಿಲ್ಲ. ವೈರ್ ಎರಡನ್ನೂ ಕಿತ್ತು, ಉದ್ದನೆಯ ಸ್ಕ್ರೂಡ್ರೈವರ್ ತಂದು ಸಂದಿಗೆ ಹಾಕಿ ಮೀಟಿದೆ.

ಚಟಾರ್ ಅಂತು. ನೀಲಿ ಬಿಳಿ ಬೆಳಕು, ಸುಟ್ಟ ವಾಸನೆ, ನನ್ನ ಕೈ ತಾನಾಗೇ ಹಿಂದಕ್ಕೆ ಹಾರಿತು. ಸ್ಕ್ರೂಡ್ರೈವರಿನ ಸರಳು ಎರಡು ಟರ್ಮಿನಲ್‌ಗಳಿಗೂ ತಾಗಿತ್ತು. ಅದರ ಕಬ್ಬಿಣದಲ್ಲಿ ಮೆಣಸಿನ ಕಾಳಿನಷ್ಟು ಗುಳಿ ಬಿದ್ದಿತ್ತು, ಈಗಲೂ ಇದೆ. ಅರೆಕ್ಷಣದ ಕೆಲಸ. ಸಾಯ್ತಾ ಇದ್ದ ಬ್ಯಾಟರಿ ಅದು!

ಆಮೇಲೆ ಲೆಕ್ಕ ಹಾಕಿದೆ. ಇಂಥ ಬ್ಯಾಟರಿ ಚೆನ್ನಾಗಿದ್ದಾಗ ಒಳಗಿನ ರೆಸಿಸ್ಟೆನ್ಸ್ 25 ಮಿಲಿ ಓಮ್ ಆಸುಪಾಸು. 12 ವೋಲ್ಟನ್ನು ಅದರಿಂದ ಭಾಗಿಸಿದರೆ 480 ಆಂಪ್. ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್, ನಮ್ಮ ಇಡೀ ಮನೆಯ ಮೇನ್ ಎಂಸಿಬಿ, ಇರುವುದೇ 32 ಆಂಪಿನದು. ನನ್ನದು ಮುದಿ ಬ್ಯಾಟರಿ, ಅಷ್ಟು ಬಂದಿರಲಿಕ್ಕಿಲ್ಲ, ಆದರೂ ಕಬ್ಬಿಣ ಕರಗಿಸುವಷ್ಟು ಬಂತಲ್ಲ. 12 ವೋಲ್ಟ್ ಶಾಕ್ ಹೊಡೆಯಲ್ಲ ಅನ್ನುವುದು ನಿಜ. ಸುಡಲ್ಲ ಅಂತ ಯಾರೂ ಹೇಳಿರಲಿಲ್ಲ, ಅದನ್ನು ನಾನೇ ಸೇರಿಸಿಕೊಂಡಿದ್ದೆ.

ಅಪ್ಪ ಓಡಿ ಬಂದು ಮೊದಲು ನೋಡಿದ್ದು ನನ್ನ ಬೆರಳನ್ನು. "ಉಂಗುರ ತೆಗಿ. ವಾಚೂ ತೆಗಿ." ಅಷ್ಟೇ ಅಂದರು. ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಸ್ಪ್ಯಾನರ್ ಮತ್ತು ಟರ್ಮಿನಲ್ ನಡುವೆ ಮದುವೆ ಉಂಗುರ ಸಿಕ್ಕಿಕೊಂಡು ಕೆಂಪಗೆ ಕಾದು ಬೆರಳು ಸುಟ್ಟಿತ್ತಂತೆ. ಆಮೇಲೆ ಅಲ್ಲಿಯ ಎಲ್ಲ ಸ್ಪ್ಯಾನರ್‌ಗಳಿಗೂ ಹಿಡಿಯಿಂದ ಬಾಯಿಯವರೆಗೆ ಇನ್ಸುಲೇಶನ್ ಟೇಪ್ ಸುತ್ತಿಟ್ಟಿದ್ದರು. ಕಿಟಕಿಗಳು ಎರಡು ಗಂಟೆಗೂ ಜಾಸ್ತಿ ತೆಗೆದೇ ಇದ್ದವು, ಇಲ್ಲದಿದ್ದರೆ ಆ ಕಿಡಿ ಏನು ಮಾಡುತ್ತಿತ್ತು ಅನ್ನುವುದನ್ನು ಅಪ್ಪನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಷ್ಟರಲ್ಲಿ ಬೆರಳ ತುದಿ ಚುರುಗುಟ್ಟಲು ಶುರುವಾಯಿತು. ನೋಡಿದರೆ ಬ್ಯಾಟರಿಯ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಅಲ್ಲಿ ಒದ್ದೆ. ಗೊತ್ತಿಲ್ಲದೆ ಮುಟ್ಟಿ ಪಂಚೆಗೆ ಒರೆಸಿಕೊಂಡಿದ್ದೆ. ಗಂಧಕಾಮ್ಲ. ಅಪ್ಪ ನಲ್ಲಿ ಕೆಳಗೆ ಕೈ ಹಿಡಿಸಿ ಗಡಿಯಾರ ನೋಡುತ್ತಾ ನಿಂತರು, 15 ನಿಮಿಷ. ಆ ತಿಂಗಳು ಅಮ್ಮ ಅಕ್ಕಿ ತೊಳೆದ ನೀರನ್ನೂ ತುಳಸಿಗೆ ಎತ್ತಿಡುತ್ತಿದ್ದ ಕಾಲ. ನೀರು ಸುರಿದು ಹೋಗುವುದನ್ನು ನೋಡಲಾರದೆ "ಸೋಡಾ ಹಚ್ಚಿದ್ರೆ ಆಗಲ್ವಾ?" ಅಂದಳು. "ಮೈಗೆ ನೀರೇ. ಕಾವೇರಿ ಹೋದ್ರೆ ಹೋಗ್ಲಿ" ಅಂದರು ಅಪ್ಪ. ಚರ್ಮದ ಮೇಲೆ ಸೋಡಾ ಬೇಡ, ಆಸಿಡ್ಡನ್ನು ತೊಳೆದು ಹಾಕುವುದು ನೀರೇ. ಕಣ್ಣಿಗೆ ಸಿಡಿದಿದ್ದರೂ ಮೊದಲು ಇದೇ ನೀರು, ಆಮೇಲೆ ಆಟೋ ಹತ್ತಿ ಸೀದಾ ಮಿಂಟೋ ಆಸ್ಪತ್ರೆ. ನಾನು ಕನ್ನಡಕ ಹಾಕುವವನಾದ್ದರಿಂದ ಬಚಾವು, ಜಾಣತನದಿಂದಲ್ಲ. ಅಡುಗೆ ಸೋಡಾ ಕೆಲಸಕ್ಕೆ ಬಂದಿದ್ದು ಯುಪಿಎಸ್ ಡಬ್ಬದ ತಳಕ್ಕೆ. ಉದುರಿಸಿದ ಕೂಡಲೇ ನೊರೆ ನೊರೆಯಾಗಿ ಎದ್ದಿತು, ನೊರೆ ನಿಲ್ಲುವ ತನಕ ಹಾಕುತ್ತಾ ಹೋದೆವು.

ಪಂಚೆ ಕಥೆ ಗೊತ್ತಾಗಿದ್ದು ಒಗೆದ ಮೇಲೆ. ಜಿರಲೆ ತಿಂದ ಹಾಗೆ ಹನ್ನೊಂದು ತೂತು.

ಭಾನುವಾರ ಗುಜರಿಯವನು ಗಲ್ಲಿಗೆ ಬಂದಾಗ ಅಮ್ಮ ಕೊಟ್ಟುಬಿಡೋಣ ಅಂದಳು. ಕೆ.ಜಿ. ಲೆಕ್ಕದಲ್ಲಿ ತಗೊಳ್ಳುತ್ತಾರೆ, ಒಳಗೆಲ್ಲ ಸೀಸ ತಾನೆ, ಎರಡು ಕೆ.ಜಿ.ಗೂ ಜಾಸ್ತಿ ತೂಗುತ್ತೆ. ಆದರೆ ಹೀಗೆ ಹೋದ ಬ್ಯಾಟರಿಯನ್ನು ಎಲ್ಲೋ ಶೆಡ್ಡಿನಲ್ಲಿ ಒಡೆದು, ಆಸಿಡ್ ಮೋರಿಗೆ ಸುರಿದು, ಸೀಸವನ್ನು ಬರಿಗೈಯಲ್ಲಿ ಕರಗಿಸುವವರು ಇದ್ದಾರೆ. ಆ ಹೊಗೆ ಕುಡಿಯುವ ಮಕ್ಕಳೂ ಇರುತ್ತಾರೆ, ಸೀಸ ಮಕ್ಕಳ ಮಿದುಳಿಗೇ ಹೋಗುತ್ತೆ. ಹಳೇ ಬ್ಯಾಟರಿಯನ್ನು ಅಂಗಡಿಯವರು ವಾಪಸ್ ತಗೊಳ್ಳಬೇಕು ಅನ್ನುವ ನಿಯಮ 2001ರಿಂದಲೇ ಇತ್ತು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಆ ಜವಾಬ್ದಾರಿಯನ್ನು ತಯಾರಕರ ತಲೆಗೇ ಕಟ್ಟಿವೆ. ಹಾಗಾಗಿ ಸೋಮವಾರ ರಜೆ ಹಾಕಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೊರಟೆ.

ಅಪ್ಪ ಅದನ್ನು ಕಟ್ಟಿಕೊಟ್ಟ ರೀತಿ ನೋಡಬೇಕಿತ್ತು. ಎರಡೂ ಟರ್ಮಿನಲ್‌ಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ, ಹಳೇ ಪೇಂಟ್ ಬಕೆಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಸುತ್ತ ನ್ಯೂಸ್‌ಪೇಪರ್ ತುರುಕಿ, ಮುಚ್ಚಳ ಮಾತ್ರ ಹಾಕದೆ ಕೊಟ್ಟರು. ಡಿಕ್ಕಿಯಲ್ಲಿ ಇಡ್ತೀನಿ ಅಂದೆ. "ಡಿಕ್ಕಿಯಲ್ಲಿ ನಿನ್ನ ಸ್ಪ್ಯಾನರ್ ಇದೆ" ಅಂದರು. ಬಕೆಟ್ಟನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು, ಚಾಮರಾಜಪೇಟೆ, ಮಾರ್ಕೆಟ್ ದಾಟಿ, ಪ್ರತಿ ರೋಡ್ ಹಂಪ್‌ಗೂ ಸ್ಕೂಟರ್ ನಿಧಾನ ಮಾಡುತ್ತಾ ಹೋದೆ.

ಅಂಗಡಿಯವರು ವಯಸ್ಸಾದವರು. ಉಬ್ಬಿದ್ದನ್ನು ನೋಡಿ ನಕ್ಕರು. "ಒಂದು ಸೆಲ್ ಸತ್ತಿರುತ್ತೆ ಸಾರ್. ಚಾರ್ಜರ್‌ಗೆ ಅದು ಗೊತ್ತಾಗಲ್ಲ." ಅವರ ಲೆಕ್ಕ ನನಗೆ ತುಂಬಾ ಹಿಡಿಸಿತು. ಒಳಗೆ ಆರು ಸೆಲ್. ಯುಪಿಎಸ್ ಸದಾ 13.6 ವೋಲ್ಟ್ ಕೊಡುತ್ತಾ ಇರುತ್ತೆ, ಒಂದೊಂದಕ್ಕೆ 2.27ರಷ್ಟು, ಅದು ಸರಿ. ಒಂದು ಸೆಲ್ ಶಾರ್ಟ್ ಆಗಿ ಸತ್ತರೆ ಅದೇ 13.6 ಐದಕ್ಕೆ ಹಂಚಬೇಕು, ಆಗ 2.72. ಹೊಟ್ಟೆ ತುಂಬಿದವರಿಗೆ ತುರುಕಿ ತುರುಕಿ ಬಡಿಸಿದ ಹಾಗೆ. ಕಾಯುತ್ತೆ, ಕಾದರೆ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತೆ, ಅದರಿಂದ ಇನ್ನೂ ಕಾಯುತ್ತೆ. ಅದರ ಮೇಲೆ ನನ್ನ ಮುಚ್ಚಿದ ಕಪಾಟು, ಆ ಬೇಸಿಗೆ. 25 ಡಿಗ್ರಿಯಲ್ಲಿ ಮೂರರಿಂದ ಐದು ವರ್ಷ ಬಾಳುವ ಬ್ಯಾಟರಿ, ಪ್ರತಿ 10 ಡಿಗ್ರಿ ಜಾಸ್ತಿಗೆ ಆಯಸ್ಸು ಅರ್ಧವಾಗುತ್ತೆ.

ಹೊಸದನ್ನು ಕೊಡುವಾಗ ತಯಾರಾದ ತಿಂಗಳು ತೋರಿಸಿ, ಮೀಟರ್ ಇಟ್ಟು 12.8 ತೋರಿಸಿದರು. ಆರು ತಿಂಗಳಿಗೂ ಜಾಸ್ತಿ ಚಾರ್ಜ್ ಮಾಡದೆ ಇಟ್ಟ ಸ್ಟಾಕ್ ತಗೋಬೇಡಿ, ಹೊಸದಾದರೂ ಅರ್ಧ ಹಳತಾಗಿರುತ್ತೆ ಅಂದರು. ಹಳೇದಕ್ಕೆ ಬಿಲ್‌ನಲ್ಲಿ ಸ್ವಲ್ಪ ಕಳೆದರು. ಯುಪಿಎಸ್ ಡಬ್ಬವನ್ನು ಅಪ್ಪ ಒರೆಸಿ ಒಣಗಿಸಿ, ಬೋರ್ಡಿಗೆ ಆಸಿಡ್ ತಾಗಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ಉಂಗುರ ಇಲ್ಲದ ಕೈಯಿಂದ ನಾನೇ ಕನೆಕ್ಟ್ ಮಾಡಿದೆ. ಕೊನೆಯ ವೈರ್ ಸಿಕ್ಕಿಸುವಾಗ ಸಣ್ಣದಾಗಿ ಚಿಟ್ ಅಂತು, ನಾನು ಅಪ್ಪನ ಮುಖ ನೋಡಿದೆ. "ಇದು ಪರವಾಗಿಲ್ಲ, ಯುಪಿಎಸ್ ಒಳಗಿನ ಕೆಪಾಸಿಟರ್ ಚಾರ್ಜ್ ಆಗಿದ್ದು" ಅಂದರು. ಕಪಾಟಿನ ಬಾಗಿಲನ್ನು ಅವರು ಅಷ್ಟರಲ್ಲೇ ಕಿತ್ತು ಅಟ್ಟಕ್ಕೆ ಹಾಕಿದ್ದರು. ಬ್ಯಾಟರಿ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆದರು.

ಎರಡು ವಾರ ಆಗಿರಬೇಕು. ಆಫೀಸ್ ಕಾಲ್‌ನಲ್ಲಿದ್ದೆ, ಅಮ್ಮ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು ಕೈಸನ್ನೆ ಮಾಡಿದಳು. ಹೆಡ್‌ಫೋನ್ ಕಿತ್ತೆಸೆದು ಟೇಬಲ್ ಕೆಳಗೆ ಬಗ್ಗಿ ಯುಪಿಎಸ್ ಮುಟ್ಟಿದೆ. ತಣ್ಣಗಿತ್ತು. ಅಪ್ಪ ಇನ್ವರ್ಟರ್ ಮುಟ್ಟಿ ಬಂದರು, ಅದೂ ತಣ್ಣಗಿತ್ತು. ಮೂರೂ ಜನ ಹೊರಗೆ ಹೋಗಿ ನೋಡಿದೆವು.

ಈ ಸಲ ಚೇಂಬರೇ. ಅಮ್ಮನ ಮುಖದಲ್ಲಿ ಎಂಥ ಸಮಾಧಾನ ಅಂತೀರಿ.