ನೀರಿನ ವಾರಕ್ಕೆ ಒಂದೇ ಟಬ್ಬು ಸಾಕು

ಅಂಗನವಾಡಿಯಲ್ಲಾಗಲಿ ನರ್ಸರಿಯಲ್ಲಾಗಲಿ ವಾರಕ್ಕೊಂದು ವಿಷಯ ಹಿಡಿದು ಕಲಿಸುವುದು ರೂಢಿ. ನೀರಿನ ವಾರ ಬಂತೆಂದರೆ ಗೋಡೆಗೆ ಮೋಡದ ಚಾರ್ಟು, ದಿನಕ್ಕೊಂದು ಹೊಸ ಆಟ. ಅಷ್ಟೆಲ್ಲ ಬೇಡ. ಮೂರು-ನಾಲ್ಕು ವರ್ಷದವರಿಗೆ ವಾರವಿಡೀ ಒಂದೇ ಟಬ್ಬು ಇಡಿ, ದಿನಕ್ಕೊಂದು ಸಾಮಾನು ಮಾತ್ರ ಸೇರಿಸುತ್ತಾ ಹೋಗಿ. ನಿನ್ನೆಯ ಆಟವನ್ನೇ ಇವತ್ತು ಮತ್ತೆ ಆಡುವಾಗಲೇ ಮಕ್ಕಳ ಕಣ್ಣಿಗೆ ಹೊಸದು ಬೀಳುವುದು.

ಅಗಲವಾದ ಟಬ್ಬು, ನಾಲ್ಕು ಬೆರಳು ನೀರು, ಒಂದು ಸಲಕ್ಕೆ ನಾಲ್ಕೇ ಮಕ್ಕಳು. ಕೆಳಗೆ ಪ್ಲಾಸ್ಟಿಕ್ ಹಾಸಿದರೆ ಜಾರಿ ಬೀಳುತ್ತಾರೆ, ಗೋಣಿಚೀಲ ಹಾಸಿ. ಇಷ್ಟೇ ನೀರಾದರೂ ಅಪಾಯವಿದೆ, ಆದ್ದರಿಂದ ಟೀಚರೋ ಸಹಾಯಕಿಯೋ ಪಕ್ಕದಿಂದ ಕದಲುವಂತಿಲ್ಲ. ಆಟ ಮುಗಿದ ಕೂಡಲೇ ನೀರನ್ನು ಗಿಡಕ್ಕೆ ಹಾಕಿ ಟಬ್ಬನ್ನು ಬೋರಲು ಹಾಕಿಬಿಡಿ.

ಸೋಮವಾರ ಲೋಟ, ಪಾವು, ಚಟಾಕು, ಲಾಳಿಕೆ ಕೊಟ್ಟು ಸುಮ್ಮನಿರಿ. ನಾಲ್ಕು ಚಟಾಕು ಸುರಿದರೆ ಒಂದು ಪಾವು ತುಂಬುತ್ತದೆ ಎಂಬುದನ್ನು ಯಾರಾದರೊಬ್ಬರು ಕಂಡುಹಿಡಿದೇ ಹಿಡಿಯುತ್ತಾರೆ. ಅದೇ ನೀರನ್ನು ಉದ್ದ ಬಾಟಲಿಗೆ ಸುರಿದರೆ 'ಜಾಸ್ತಿ ಆಯ್ತು' ಅನ್ನುತ್ತಾರೆ. ತಿದ್ದಲು ಹೋಗಬೇಡಿ. ಪಾತ್ರೆ ಬದಲಾದರೂ ನೀರು ಅಷ್ಟೇ ಎನ್ನುವುದು ಸಾಮಾನ್ಯವಾಗಿ ಆರೇಳು ವರ್ಷದ ಹೊತ್ತಿಗೆ ತಾನಾಗಿ ಹೊಳೆಯುತ್ತದೆ.

ಸೋಮವಾರವೇ ಹೆಸರುಕಾಳು ನೆನೆಹಾಕಬೇಕು, ಮರೆತರೆ ವಾರ ಸಾಲದು. ಎಂಟು ಗಂಟೆ ನೆನೆದ ಮೇಲೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಬುಧವಾರದೊಳಗೆ ಮೊಳಕೆ. ಜೊತೆಗೆ ಒಂದು ಲೋಟದಲ್ಲಿ ಒಣ ಕಾಳು, ಇನ್ನೊಂದರಲ್ಲಿ ನೀರಲ್ಲಿ ಮುಳುಗಿದ ಕಾಳು ಇಡಿ. ಒಣಗಿದ್ದು ಹಾಗೇ ಇರುತ್ತದೆ, ಮುಳುಗಿದ್ದು ಗಾಳಿ ಸಾಲದೆ ಕೊಳೆತು ನಾರುತ್ತದೆ. ಮೊಳಕೆಯನ್ನು ತಳಕ್ಕೆ ತೂತು ಮಾಡಿದ ಲೋಟಕ್ಕೆ ಹಾಕಿದ ಮೇಲೆ ಕೆಡುವುದು ಒಂದೇ ಕಾರಣಕ್ಕೆ: ಇಪ್ಪತ್ತು ಮಕ್ಕಳೂ ನೀರು ಹಾಕುತ್ತಾರೆ! ದಿನಕ್ಕೊಬ್ಬರು, ಬಾಟಲಿ ಮುಚ್ಚಳದಲ್ಲಿ ಎರಡು ಸಲ, ಅಷ್ಟೇ.

ಮಂಗಳವಾರ ತೇಲುವ-ಮುಳುಗುವ ಆಟ. ಹುಣಸೆಬೀಜ, ಕರಟ, ಆಲೂಗಡ್ಡೆ, ಸ್ಟೀಲ್ ಚಮಚ, ಸ್ಟೀಲ್ ಬಟ್ಟಲು ಸಾಕು. ಚಮಚ ಮುಳುಗಿ ಬಟ್ಟಲು ತೇಲಿದಾಗ ವಾದ ಶುರುವಾಗುತ್ತದೆ. ಸಿಪ್ಪೆ ಇರುವ ಕಿತ್ತಳೆ ತೇಲುತ್ತದೆ, ಸುಲಿದರೆ ಮುಳುಗುತ್ತದೆ, ಗಾಳಿ ಇರುವುದು ಸಿಪ್ಪೆಯಲ್ಲಿ. ಮಕ್ಕಳನ್ನು 'ಯಾಕೆ?' ಎಂದು ಕೇಳಿದರೆ ಬಾಯಿ ಮುಚ್ಚುತ್ತಾರೆ. 'ಏನಾಯ್ತು?' ಅನ್ನಿ, 'ಈಗ ಇದನ್ನ ಬಿಟ್ರೆ ಏನಾಗುತ್ತೆ?' ಅನ್ನಿ, ಮಾತು ನಿಲ್ಲುವುದಿಲ್ಲ.

ಬುಧವಾರ ಬೆಲ್ಲ, ಉಪ್ಪು, ಮರಳು ಕರಗಿಸಿ ನೋಡುವುದು. ಬೆಲ್ಲ ಹೇಗೂ ಅರ್ಧ ಹೊಟ್ಟೆಗೆ ಹೋಗುತ್ತದೆ, ಮುಂಚೆಯೇ ಹೆಚ್ಚಿಗೆ ತಂದಿಡಿ.

ಗುರುವಾರ-ಶುಕ್ರವಾರ ಎರಡೂ ದಿನ ನಾಲೆಗೆ ಇರಲಿ. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ಬರುವ ನೀರು ಮಂಡ್ಯದ ಮಕ್ಕಳಿಗೆ ಹೊಸದೇನಲ್ಲ, ನಾಲೆಗೆ ನೀರು ಬಿಟ್ಟ ಸುದ್ದಿ ಮನೆಯಲ್ಲೇ ಕೇಳಿರುತ್ತಾರೆ. ಬಾಳೆದಿಂಡಿನ ಹೊರಪಟ್ಟೆಗಳನ್ನು ತುದಿಯ ಮೇಲೆ ತುದಿ ಬರುವಂತೆ ಜೋಡಿಸಿ, ಒಂದು ಕೊನೆಯನ್ನು ಇಟ್ಟಿಗೆ ಮೇಲೆ ಇಡಿ. ಮೇಲಿನ ಪಟ್ಟೆಯ ತುದಿ ಕೆಳಗಿನದರ ಒಳಗೆ ಕೂರಬೇಕು, ತಿರುಗುಮುರುಗಾದರೆ ನೀರು ಸಂದಿಯಲ್ಲೇ ಸೋರುತ್ತದೆ. ಮುಂದೆ ಗದ್ದೆ. ಮರಳಿನ ಬದು ಕಟ್ಟಿದರೆ ನೀರು ಇಂಗಿ ಮಕ್ಕಳಿಗೆ ಬೇಜಾರು, ಜೇಡಿಮಣ್ಣನ್ನು ಚಪಾತಿ ಹಿಟ್ಟಿನ ಹದಕ್ಕೆ ನಾದಿ ಕೊಡಿ. ಬದುವಿಗೊಂದು ತೂಬು ಬಿಟ್ಟು, ಮುಚ್ಚಲು ಚಪ್ಪಟೆ ಕಲ್ಲಿಡಿ. ಮೇಲಿನ ಗದ್ದೆಯವರು ತೂಬು ಮುಚ್ಚಿದರೆ ಕೆಳಗಿನವರಿಗೆ ನೀರಿಲ್ಲ, ಜಗಳ ಗ್ಯಾರಂಟಿ. ಟೀಚರ್ ತಕ್ಷಣ ನಡುವೆ ಬರಬಾರದು. ಐದು ನಿಮಿಷದಲ್ಲಿ ಅವರೇ ಸರದಿ ಮಾಡಿಕೊಂಡರೆ ಸರಿ, ಕೈಗೆ ಕಲ್ಲು ಬಂದರೆ ಮಾತ್ರ ಎದ್ದು ಹೋಗಿ.

ಶನಿವಾರ ಪಾನಕ. ಲೀಟರ್ ನೀರಿಗೆ ನೂರೈವತ್ತು ಗ್ರಾಂ ಬೆಲ್ಲ, ಎರಡು ನಿಂಬೆಹಣ್ಣು, ಚಿಟಿಕೆ ಏಲಕ್ಕಿ. ಕುಡಿಯುವ ನೀರು ಬೇರೆ ಪಾತ್ರೆಯಲ್ಲಿರಲಿ, ಆಟದ ಟಬ್ಬು ಹತ್ತಿರವೂ ಬೇಡ. ಬೆಲ್ಲ ಕರಗಿಸಿದ ಮೇಲೆ ಬಟ್ಟೆಯಲ್ಲಿ ಸೋಸಿ, ತಳದಲ್ಲಿ ಉಳಿದ ಮಣ್ಣು-ನಾರನ್ನು ಮಕ್ಕಳಿಗೆ ತೋರಿಸಿ. ಬುಧವಾರ ಕರಗದೆ ಉಳಿದ ಮರಳಿನ ಮಾತು ಅವರೇ ಎತ್ತುತ್ತಾರೆ.