ಪ್ರೊಫೆಸರ್ ಇರುವಾಗ ನೀನ್ಯಾಕೆ ಮೆಂಟರ್?

ನಾನು ದಕ್ಷಿಣ ಟೆಕ್ಸಾಸ್‌ನಲ್ಲಿ ವನ್ಯಜೀವಿ ಮತ್ತು ಹುಲ್ಲುಗಾವಲಿನ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಜೊತೆಗೆ, ಇದೇ ವಿಷಯಗಳಲ್ಲಿ ಡಿಗ್ರಿ ಓದುವ ಕೆಲವು ಲ್ಯಾಟಿನೋ ಹುಡುಗ ಹುಡುಗಿಯರಿಗೆ ಮೆಂಟರ್, ಅಂದರೆ ದಾರಿ ತೋರಿಸುವ ಸೀನಿಯರ್. ಊರಿನವರಿಗೆ ಇದನ್ನು ಹೇಳಿದ ಕೂಡಲೇ ಬರುವ ಪ್ರಶ್ನೆ ಒಂದೇ: "ಅವರಿಗೆ ಪ್ರೊಫೆಸರ್ ಇಲ್ವಾ? ನೀನ್ಯಾಕೆ? ಅದೂ ನೀನು ಅವರ ಪೈಕಿಯೂ ಅಲ್ಲ." ಮದುವೆ ಮನೆಯಲ್ಲಿ ಇದಕ್ಕೆ ಸರಿಯಾಗಿ ಉತ್ತರ ಕೊಡೋಕೆ ಆಗಲ್ಲ. ಅಷ್ಟರಲ್ಲಿ ಹೋಳಿಗೆ ಬಂದಿರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಲ್ಯಾಟಿನೋ ಅಂದರೆ ಮೆಕ್ಸಿಕೋ, ಮಧ್ಯ ಮತ್ತು ದಕ್ಷಿಣ ಅಮೆರಿಕ, ಕೆರಿಬಿಯನ್ ದ್ವೀಪಗಳ ಕಡೆಯ ಮೂಲದವರು. ಎಲ್ಲರೂ ನಿನ್ನೆ ಮೊನ್ನೆ ವಲಸೆ ಬಂದವರು ಅಂದುಕೊಳ್ಳಬೇಡಿ. ಟೆಕ್ಸಾಸ್ 1845ರಲ್ಲಿ ಅಮೆರಿಕಕ್ಕೆ ಸೇರುವ ಮೊದಲಿಂದಲೂ ಇಲ್ಲೇ ದನ ಮೇಯಿಸಿಕೊಂಡಿದ್ದ ಮನೆತನಗಳ ಮಕ್ಕಳೂ ನಮ್ಮ ತರಗತಿಯಲ್ಲಿದ್ದಾರೆ. ಅಮೆರಿಕದ ಕಾನೂನಿನಲ್ಲಿ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು, ಹೆಚ್ಚುಕಡಿಮೆ ಲ್ಯಾಟಿನೋಗಳೇ) ವಿದ್ಯಾರ್ಥಿಗಳಿಗೆ ಸೇವೆ ಸಲ್ಲಿಸುವ ಸಂಸ್ಥೆ ಅಂತ ಒಂದು ವರ್ಗ ಇದೆ. ಡಿಗ್ರಿ ವಿದ್ಯಾರ್ಥಿಗಳಲ್ಲಿ ಶೇಕಡಾ 25ರಷ್ಟಾದರೂ ಹಿಸ್ಪಾನಿಕ್ ಇರಬೇಕು ಅನ್ನೋದು ಅದರ ಮುಖ್ಯ ಷರತ್ತು. ಮೆಕ್ಸಿಕೋ ಗಡಿ ಹತ್ತಿರದ ನಮ್ಮ ಭಾಗದಲ್ಲಿ ಆ ಸಂಖ್ಯೆ ಅದಕ್ಕಿಂತ ಎಷ್ಟೋ ಮೇಲಿದೆ. ಆದರೆ ಕಾಡು, ಹುಲ್ಲುಗಾವಲು, ವನ್ಯಜೀವಿಯ ಕೆಲಸ ಮಾಡುವ ಆಫೀಸುಗಳ ಒಳಗೆ ಹೋಗಿ ನೋಡಿದರೆ ಊರಿನ ಈ ಮುಖಗಳು ಅಷ್ಟಾಗಿ ಕಾಣಲ್ಲ.

ಇದಕ್ಕೆ ಒಂದು ಕಾರಣ ನೆಲವೇ. ಟೆಕ್ಸಾಸ್‌ನ ಭೂಮಿಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಖಾಸಗಿಯವರದು. ಬೇಲಿ, ಗೇಟು, ಬೀಗ. ಅಪ್ಪನಿಗೆ ದನ ಸಾಕುವ ದೊಡ್ಡ ಜಮೀನು ಅಂದರೆ ರ‍್ಯಾಂಚ್ ಇದ್ದರೆ, ಇಲ್ಲ ಬೇಟೆಗೆ ಜಾಗ ಬಾಡಿಗೆ ಹಿಡಿಯುವಷ್ಟು ದುಡ್ಡಿದ್ದರೆ ಮಗು ಚಿಕ್ಕಂದಿನಲ್ಲೇ ಜಿಂಕೆ ಹೆಜ್ಜೆ ಗುರುತಿಸೋದು ಕಲಿಯುತ್ತದೆ. ಇಲ್ಲದಿದ್ದರೆ ಕಾಡಿನ ಪಕ್ಕದಲ್ಲೇ ಬೆಳೆದರೂ ಒಳಗೆ ಕಾಲಿಡದೆ ಡಿಗ್ರಿಗೆ ಬರುತ್ತದೆ. ಮೊದಲ ದಿನದ ತರಗತಿಯಲ್ಲಿ ಈ ಎರಡೂ ಥರದವರು ಅಕ್ಕಪಕ್ಕ ಕೂತಿರುತ್ತಾರೆ. ಪಾಠ ಮಾತ್ರ ಮೊದಲನೆಯವರಿಗೆ ಹೇಳಿದ ಹಾಗೆ ಶುರುವಾಗುತ್ತದೆ.

ಸರಿ, ಪ್ರೊಫೆಸರ್ ಯಾಕೆ ಸಾಲಲ್ಲ? ಅವರು ಒಳ್ಳೆಯವರೇ, ಕೇಳಿದರೆ ಹೇಳುತ್ತಾರೆ. ತೊಂದರೆ ಇರೋದು ಕೇಳೋದರಲ್ಲಿ. ಮನೆಯಲ್ಲಿ ಮೊದಲ ಸಲ ಕಾಲೇಜಿಗೆ ಬಂದ ಹುಡುಗಿ ಪ್ರೊಫೆಸರ್ ಹತ್ತಿರ ಹೋಗಿ "ಈ ಕೆಲಸಕ್ಕೆ ಸಂಬಳ ಇದೆಯಾ, ಸುಮ್ನೆ ಮಾಡಬೇಕಾ?" ಅಂತ ಕೇಳಲ್ಲ. "ಫೀಲ್ಡ್‌ನಲ್ಲಿ ಹೆಂಗಸರು ಮೂತ್ರಕ್ಕೆ ಎಲ್ಲಿ ಹೋಗ್ತಾರೆ?" ಅಂತಂತೂ ಕೇಳಲ್ಲ. ಈ ಪ್ರಶ್ನೆಗಳು ಪಿಕಪ್ ಟ್ರಕ್‌ನಲ್ಲಿ, ಧೂಳಿನ ರಸ್ತೆಯಲ್ಲಿ, ಪಕ್ಕದ ಸೀಟಿನವರ ಹತ್ತಿರ ಬರುತ್ತವೆ. ಆ ಸೀಟಿನಲ್ಲಿ ಸಾಮಾನ್ಯವಾಗಿ ಇರುವವರು ನಾವು, ಎಂಎಸ್ ಮತ್ತು ಪಿಎಚ್‌ಡಿಯವರು.

ನನ್ನ ಪ್ರಕಾರ ಈ ಕೆಲಸದಲ್ಲಿ ಹುರುಪು ತುಂಬೋದು ತೀರಾ ಚಿಕ್ಕ ಭಾಗ. ಹುರುಪು ಈ ಹುಡುಗರಲ್ಲಿ ಬೇಕಾದಷ್ಟಿದೆ. ಅವರಿಗೆ ಬೇಕಿರೋದು ಯಾರೂ ಬಾಯಿಬಿಟ್ಟು ಹೇಳದ ನಿಯಮಗಳು. ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಕೇಂದ್ರ ಸರ್ಕಾರದಲ್ಲಿ ವನ್ಯಜೀವಿ ಜೀವಶಾಸ್ತ್ರಜ್ಞರ ಹುದ್ದೆಗೆ 0486 ಅಂತ ಒಂದು ಸರಣಿ ಸಂಖ್ಯೆ ಇದೆ. ಡಿಗ್ರಿ ಆಗಿದೆ ಅಂದ ಮಾತ್ರಕ್ಕೆ ಅದಕ್ಕೆ ಅರ್ಹತೆ ಸಿಗಲ್ಲ. ವನ್ಯಜೀವಿ ವಿಷಯಗಳಲ್ಲಿ 9 ಕ್ರೆಡಿಟ್ (ಪಾಠದ ಗಂಟೆಗಳ ಲೆಕ್ಕ), ಪ್ರಾಣಿಶಾಸ್ತ್ರದಲ್ಲಿ 12, ಸಸ್ಯಶಾಸ್ತ್ರ ಅಥವಾ ಅದಕ್ಕೆ ಹತ್ತಿರದ ವಿಷಯಗಳಲ್ಲಿ 9 ತೆಗೆದುಕೊಂಡಿರಬೇಕು. ಸಸ್ಯಶಾಸ್ತ್ರದ ಒಂದು ಪೇಪರ್ ಬಿಟ್ಟು ಅದರ ಬದಲು ಸುಲಭದ್ದೊಂದು ತೆಗೆದುಕೊಂಡವರು ಕೊನೆಗೆ ಈ ಹುದ್ದೆಯಿಂದ ಹೊರಗುಳಿಯಬಹುದು. ಅದಕ್ಕೆ ಎರಡನೇ ವರ್ಷದಲ್ಲೇ ಅಂಕಪಟ್ಟಿ ತೆರೆದು, ಪಕ್ಕದಲ್ಲಿ ಕೂತು, ಒಂದೊಂದೇ ಸಾಲು ಎಣಿಸುತ್ತೇವೆ. ಅರ್ಜಿ ತುಂಬುವಾಗಲೂ ಹಾಗೆ. ಹಳೆಯ ಕೆಲಸದಲ್ಲಿ ವಾರಕ್ಕೆ ಎಷ್ಟು ಗಂಟೆ ದುಡಿದೆ ಅಂತ ಬರೆಯದಿದ್ದರೆ ಆ ಅನುಭವ ಲೆಕ್ಕಕ್ಕೆ ಬಾರದೇ ಹೋಗಬಹುದು. ಇದನ್ನು ಯಾವ ಪಠ್ಯಪುಸ್ತಕವೂ ಹೇಳಲ್ಲ.

ತಮಾಷೆ ಏನಂದರೆ, ಈ ಹುದ್ದೆಗಳೆಲ್ಲ ಸಾಮಾನ್ಯವಾಗಿ ಅಮೆರಿಕದ ಪ್ರಜೆಗಳಿಗೆ ಮಾತ್ರ. ವಿದ್ಯಾರ್ಥಿ ವೀಸಾದಲ್ಲಿರುವ ನಾನು ಇನ್ನೊಬ್ಬರ ಅರ್ಜಿಯ ಪ್ರತಿ ಸಾಲನ್ನೂ ತಿದ್ದಬಲ್ಲೆ, ನನ್ನದೊಂದು ಹಾಕೋ ಹಾಗಿಲ್ಲ.

ಇನ್ನು ದುಡ್ಡು. ವನ್ಯಜೀವಿ ಕ್ಷೇತ್ರದಲ್ಲಿ ಬೇಸಿಗೆಯಲ್ಲಿ ಬಿಟ್ಟಿ ಕೆಲಸ ಮಾಡಿ ಅನುಭವ ಗಳಿಸೋದು ಹಳೆಯ ರೂಢಿ. ತಿಂಗಳುಗಟ್ಟಲೆ ಆಮೆ ಎಣಿಸಿ, ಊಟ ವಸತಿ ಸಿಕ್ಕರೆ ಅದೇ ಭಾಗ್ಯ. ಮನೆ ಬಾಡಿಗೆಗೆ ತನ್ನ ಸಂಬಳವನ್ನೂ ಸೇರಿಸುವ ಹುಡುಗ ಇದನ್ನು ಹೇಗೆ ಮಾಡ್ತಾನೆ? ಟೆಕ್ಸಾಸ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಏರಿಲ್ಲ. ಅಷ್ಟನ್ನಾದರೂ ಕೊಡದ ಕಡೆ "ಇದು ಒಳ್ಳೆ ಅವಕಾಶ" ಅನ್ನೋದು ನನಗೆ ಸರಿ ಕಾಣಲ್ಲ. ಸಂಬಳ ಇಲ್ಲದ ಕೆಲಸಕ್ಕೆ ನನ್ನ ಹುಡುಗರ ಹೆಸರನ್ನು ನಾನು ಕೊಡಲ್ಲ. ಈ ವಿಷಯದಲ್ಲಿ ಕೆಲವು ಸಹಪಾಠಿಗಳಿಗೂ ನನಗೂ ಜಗಳ ಇದೆ, ಇರಲಿ. ಹಾವು ಕಚ್ಚದಂಥ ಬೂಟಿಗೂ ಬೆಲೆ ಜಾಸ್ತಿ. ಲ್ಯಾಬಿನ ಕಪಾಟಿನಲ್ಲಿ ಎಲ್ಲ ಅಳತೆಯ ಒಂದೊಂದು ಜೊತೆ ಇಟ್ಟಿದ್ದೇವೆ, ಕೇಳದೆಯೇ ಹಾಕಿಕೊಳ್ಳಬಹುದು.

ಎಲ್ಲಕ್ಕಿಂತ ಕಷ್ಟದ್ದು ಮನೆಯವರ ಮಾತು. ಗಡಿಗುಂಟ ಇರುವ ರಿಯೋ ಗ್ರಾಂಡೆ ಕಣಿವೆಯಲ್ಲಿ ಕಿತ್ತಳೆ ಜಾತಿಯ ಹಣ್ಣು, ಈರುಳ್ಳಿ ಬೆಳೆಯುತ್ತಾರೆ, 2024ರಲ್ಲಿ ಸಕ್ಕರೆ ಕಾರ್ಖಾನೆ ಮುಚ್ಚುವವರೆಗೆ ಕಬ್ಬನ್ನೂ ಬೆಳೆಯುತ್ತಿದ್ದರು. ಎಷ್ಟೋ ಮಕ್ಕಳ ಅಜ್ಜ ಅಜ್ಜಿ ಅದೇ ತೋಟಗಳಲ್ಲಿ ಬೆನ್ನು ಬಗ್ಗಿಸಿದವರು. "ಬಿಸಿಲಲ್ಲಿ ದುಡಿಯೋದು ತಪ್ಪಲಿ ಅಂತ ನಿನ್ನ ಓದಿಸಿದೆ. ನೀನು ಓದಿ ಮತ್ತೆ ಬಿಸಿಲಿಗೇ ಹೋಗ್ತೀಯಾ?" ಅಂತ ಒಬ್ಬ ತಾಯಿ ಮಗಳಿಗೆ ಕೇಳಿದ್ದರು. ಇದಕ್ಕೆ ಅವರನ್ನು ತಿಳಿಯದವರು ಅನ್ನೋ ಹಾಗಿಲ್ಲ. ಶಿರಸಿಯಲ್ಲೋ ಪೊನ್ನಂಪೇಟೆಯಲ್ಲೋ ಬಿಎಸ್ಸಿ ಅರಣ್ಯ ಓದಿದವರನ್ನು ಕೇಳಿ, ಅವರ ಮನೆಯಲ್ಲೂ ಇಂಥದ್ದೇ ಮಾತು ಬಂದಿರುತ್ತದೆ. ಆ ತಾಯಿಯನ್ನೂ ಚಿಕ್ಕಮ್ಮಂದಿರನ್ನೂ ಒಂದು ಶನಿವಾರ ಕರೆದೆವು. ಪ್ರಾಣಿ ಹಾದು ಹೋದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನ ಚಿತ್ರಗಳನ್ನು ಮಗಳೇ ತೋರಿಸಿದಳು. ಓಸೆಲಾಟ್ ಅನ್ನುವ ಚುಕ್ಕೆಯ ಕಾಡುಬೆಕ್ಕು ಇಡೀ ಅಮೆರಿಕದಲ್ಲಿ ನೂರಕ್ಕೂ ಕಡಿಮೆ ಉಳಿದಿದೆ, ಮರಿ ಹಾಕಿಕೊಂಡಿರೋದು ದಕ್ಷಿಣ ಟೆಕ್ಸಾಸ್‌ನಲ್ಲಿ ಮಾತ್ರ. ಪ್ರತಿಯೊಂದರ ಚುಕ್ಕೆಯೂ ಬೇರೆ. ಇಲ್ಲಿನ ಇನ್ನೊಂದು ಕಾಡುಬೆಕ್ಕು ಬಾಬ್‌ಕ್ಯಾಟ್‌ಗೆ ಮೋಟು ಬಾಲ, ಇದಕ್ಕೆ ಉದ್ದ. ತಾಯಿ ಎಲ್ಲ ನೋಡಿ ಕೇಳಿದ್ದು ಎರಡೇ: ರಾತ್ರಿ ಕ್ಯಾಂಪಿನಲ್ಲಿ ಜೊತೆಗೆ ಯಾರಿರ್ತಾರೆ, ಓದು ಮುಗಿದ ಮೇಲೆ ಸಂಬಳ ಎಷ್ಟು. ಎರಡಕ್ಕೂ ನೇರ ಉತ್ತರ ಕೊಟ್ಟೆವು. ಎರಡನೆಯದು ಅವರಿಗೆ ಅಷ್ಟು ಹಿಡಿಸಲಿಲ್ಲ.

ಹೊರಗಿನವರಿಗೆ ಹೊಳೆಯದ ಇನ್ನೊಂದು ವಿಷಯ. ನಾವು ಕೆಲಸ ಮಾಡುವ ಜಾಗದಿಂದ ಉತ್ತರಕ್ಕೆ ವಾಪಸು ಬರುವಾಗ ಹೆದ್ದಾರಿ 77ರಲ್ಲಿ ಸರೀಟಾ ಹತ್ತಿರ ಗಡಿ ಪೊಲೀಸರ ಚೆಕ್‌ಪೋಸ್ಟ್ ಇದೆ. ಗಡಿಯಿಂದ ಇಷ್ಟು ಒಳಗೆ ಬಂದ ಮೇಲೂ ಗಾಡಿ ನಿಲ್ಲಿಸಿ ಪ್ರಜೆಯಾ ಅಂತ ಕೇಳುತ್ತಾರೆ. ನಾನು ಪಾಸ್‌ಪೋರ್ಟ್ ಜೇಬಲ್ಲಿಟ್ಟುಕೊಂಡೇ ಫೀಲ್ಡಿಗೆ ಹೋಗೋದು. ವಿದ್ಯಾರ್ಥಿಗಳ ಬಳಿ ಪೌರತ್ವದ, ವೀಸಾದ ಕಾಗದಪತ್ರ ಇದೆಯಾ ಅಂತ ನಾವು ಯಾರೂ ವಿಚಾರಿಸಲ್ಲ. ಯಾವ ದಾರಿಯಲ್ಲಿ ಹೋಗಿ ಬರುತ್ತೇವೆ, ಎಲ್ಲಿ ಚೆಕ್‌ಪೋಸ್ಟ್ ಇದೆ ಅಂತ ವಾರ ಮೊದಲೇ ಎಲ್ಲರಿಗೂ ಹೇಳುತ್ತೇವೆ. ಬರಲ್ಲ ಅಂದವರಿಗೆ ಲ್ಯಾಬಿನಲ್ಲೇ ಚಿತ್ರ ವಿಂಗಡಿಸುವ ಕೆಲಸ ಇರುತ್ತದೆ. ಯಾಕೆ ಅಂತ ಕೇಳಲ್ಲ.

ಈಗ "ನೀನು ಅವರ ಪೈಕಿ ಅಲ್ಲ" ಅನ್ನೋ ಮಾತಿಗೆ ಬರೋಣ. ನಿಜ, ಅಲ್ಲ. ನನ್ನ ಸ್ಪ್ಯಾನಿಷ್ ಹರಕು ಮುರುಕು. ಆದರೆ ಈ ನೆಲ ನನಗೆ ಪೂರ್ತಿ ಹೊಸದೂ ಅಲ್ಲ. ಇಲ್ಲಿನ ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ನಮ್ಮಲ್ಲಿ ಕೆರೆ ಅಂಗಳ ನುಂಗಿ ಎಲ್ಲರ ಬೈಗುಳ ತಿನ್ನುವ ಮುಳ್ಳುಗಿಡದ ಬಂಧು ಇಲ್ಲಿ ತವರಿನ ಮರ, ಇದರ ಕೆಂಡದ ಮೇಲೆ ಮಾಂಸ ಸುಟ್ಟರೇ ರುಚಿ ಅನ್ನುತ್ತಾರೆ. ಅವರ ಉಯಿಸಾಚೆ ನಮ್ಮ ಕಸ್ತೂರಿ ಜಾಲಿ. ಪಾಪಾಸುಕಳ್ಳಿಯ ಎಳೆ ಎಲೆಯನ್ನು ಮುಳ್ಳು ಕೆರೆದು ಮೊಟ್ಟೆ ಜೊತೆ ಹುರಿದು ತಿನ್ನೋದನ್ನು ನನಗೆ ಕಲಿಸಿದ್ದು ಒಬ್ಬ ಮೊದಲ ವರ್ಷದ ಹುಡುಗ. ಇದಕ್ಕೆ ಉಲ್ಟಾ ನಮ್ಮ ನೀಲಗಾಯ್ ಇಲ್ಲಿ ಪರದೇಶಿ. ಕಳೆದ ಶತಮಾನದಲ್ಲಿ ಇಲ್ಲಿನ ಭಾರೀ ದೊಡ್ಡ ದನದ ಜಮೀನಾದ ಕಿಂಗ್ ರ‍್ಯಾಂಚ್‌ನವರು ಬೇಟೆಗೆ ಅಂತ ತಂದು ಬಿಟ್ಟದ್ದು ಈಗ ಸಾವಿರಾರಾಗಿ, ದನಗಳಿಗೆ ಜ್ವರ ತರುವ ಉಣುಗು ಹೊತ್ತು ತಿರುಗುತ್ತಿವೆ. ಹುಡುಗರು ಅದನ್ನು ನೋಡಿದಾಗಲೆಲ್ಲ "ನಿಮ್ಮೂರಿನವರು ಬಂದರು" ಅಂತ ನನ್ನ ಕಾಲೆಳೆಯುತ್ತಾರೆ.

ಇಷ್ಟಿದ್ದರೂ ನಮ್ಮ ಗುಂಪಿನಲ್ಲಿ ನನಗಿಂತ ಚೆನ್ನಾಗಿ ಈ ಕೆಲಸ ಮಾಡುವವಳು ಗಡಿಯೂರಿನಿಂದ ಬಂದ ಎಂಎಸ್ ವಿದ್ಯಾರ್ಥಿನಿ. ತಾಯಂದಿರ ಹತ್ತಿರ ಅವಳು ಐದು ನಿಮಿಷದಲ್ಲಿ ಮುಗಿಸುವ ಮಾತು ನನ್ನಿಂದ ಇಡೀ ದಿನ ಕೂತರೂ ಆಗಲ್ಲ. ಹಾಗಂತ ಎಲ್ಲವನ್ನೂ ಅವಳ ತಲೆಗೇ ಕಟ್ಟಿದರೆ ಅವಳ ಥೀಸಿಸ್ ಮುಗಿಯೋದು ಯಾವಾಗ? ಲ್ಯಾಟಿನೋ ಹುಡುಗರ ಜವಾಬ್ದಾರಿ ಲ್ಯಾಟಿನೋ ಸೀನಿಯರ್‌ಗಳದ್ದು ಮಾತ್ರ ಅಂದರೆ ಅದು ಅವರಿಗೆ ಹಾಕಿದ ಜಾಸ್ತಿ ತೆರಿಗೆ. ಅಂಕಪಟ್ಟಿ ಎಣಿಸೋದಕ್ಕೆ, ಗಾಡಿ ಓಡಿಸೋದಕ್ಕೆ, ಹುಲ್ಲು ಗುರುತಿಸೋದು ಕಲಿಸೋದಕ್ಕೆ ನಾನು ಸಾಕು.

ಈಗ ಕಾಲ ಚೆನ್ನಾಗಿಲ್ಲ. 2025ರ ಫೆಬ್ರವರಿಯಲ್ಲಿ ಅರಣ್ಯ ಸೇವೆ, ರಾಷ್ಟ್ರೀಯ ಉದ್ಯಾನ ಸೇವೆಗಳಿಂದ ಪ್ರೊಬೇಷನ್‌ನಲ್ಲಿದ್ದ ಸಾವಿರಾರು ಜನರನ್ನು ತೆಗೆದರು. ಸೆಪ್ಟೆಂಬರ್‌ನಲ್ಲಿ ಶಿಕ್ಷಣ ಇಲಾಖೆ ಅಲ್ಪಸಂಖ್ಯಾತರು ಹೆಚ್ಚಿರುವ ಕಾಲೇಜುಗಳಿಗೆ ಹೋಗುತ್ತಿದ್ದ ಸುಮಾರು 35 ಕೋಟಿ ಡಾಲರ್ ಅನುದಾನ ನಿಲ್ಲಿಸುತ್ತೇವೆ ಅಂದಿತು. ಹಾಗಾಗಿ 0486 ಒಂದನ್ನೇ ನಂಬಬೇಡಿ, ರಾಜ್ಯದ ಇಲಾಖೆ, ಖಾಸಗಿ ರ‍್ಯಾಂಚ್, ಸಲಹಾ ಕಂಪನಿ ಎಲ್ಲ ಕಡೆ ಅರ್ಜಿ ಹಾಕಿ ಅಂತ ಈಗ ಹೇಳುತ್ತಿದ್ದೇವೆ.

ಇಲ್ಲಿಗೆ ಪಿಎಚ್‌ಡಿಗೆ ಬರಬೇಕು ಅಂತಿರುವ ಕನ್ನಡದ ಹುಡುಗರು ಇದನ್ನು ಓದುತ್ತಿದ್ದರೆ, ಗೈಡ್ ಜೊತೆ ಮೊದಲ ಮಾತುಕತೆಯಲ್ಲೇ ಮೂರು ವಿಷಯ ಕೇಳಿ. ನನ್ನ ಕೈಕೆಳಗೆ ಎಷ್ಟು ಡಿಗ್ರಿ ವಿದ್ಯಾರ್ಥಿಗಳು ಇರ್ತಾರೆ? ಅವರಿಗೆ ಸಂಬಳ ಯಾವ ಲೆಕ್ಕದಿಂದ ಬರುತ್ತೆ? ನಾನು ಅವರಿಗೆ ಕೊಟ್ಟ ಸಮಯ ನನ್ನ ವರ್ಷದ ಮೌಲ್ಯಮಾಪನದಲ್ಲಿ ಎಲ್ಲಾದರೂ ಕಾಣುತ್ತಾ? ಮೂರನೆಯದಕ್ಕೆ ಹೆಚ್ಚಿನವರು ಸ್ವಲ್ಪ ತಡವರಿಸುತ್ತಾರೆ. ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.