ಬೇಕಲದ ರೆಸಾರ್ಟೋ, ವಲಿಯಪರಂಬದ ಹೋಂಸ್ಟೇಯೋ?

ಮಕ್ಕಳ ರಜೆ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನ ನೆಂಟರಿಂದ ಹಿಡಿದು ಇಲ್ಲೇ ಪೆರ್ಲ, ಮುಳ್ಳೇರಿಯದ ಗೆಳತಿಯರವರೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಎರಡು ದಿನ ನೀರಿನ ಹತ್ತಿರ ಇದ್ದು ಬರೋಣ ಎಂದುಕೊಂಡಿದ್ದೇವೆ. ಬೇಕಲದ ರೆಸಾರ್ಟಿಗೆ ಹೋಗುವುದೋ, ವಲಿಯಪರಂಬ ದ್ವೀಪದಲ್ಲಿ ಕಡಿಮೆಗೆ ಸಿಗುವ ಹೋಂಸ್ಟೇ ಸಾಕೋ? ನೀವೇ ಹೇಳಿ ಅಕ್ಕ.’ ಎರಡೂ ಕೇರಳದ ಕಾಸರಗೋಡು ಜಿಲ್ಲೆಯ ಕರಾವಳಿಯಲ್ಲೇ ಇವೆ. ನಾನು ಅದೇ ಜಿಲ್ಲೆಯ ಬದಿಯಡ್ಕದವಳು, ಉದ್ಯೋಗದ ಕಾರಣಕ್ಕೆ ಕಾಞಂಗಾಡಿನಲ್ಲಿ ನೆಲೆಸಿದವಳು. ಬೇಕಲ ನನಗೆ ಉತ್ತರಕ್ಕೆ ಹತ್ತಿರ, ವಲಿಯಪರಂಬ ದಕ್ಷಿಣಕ್ಕೆ ಹತ್ತಿರ. ಹಾಗಾಗಿ ಈ ಪ್ರಶ್ನೆ ನನ್ನ ಬಳಿಗೇ ಬರುತ್ತದೆ. ಫೋನಿನಲ್ಲಿ ಅರ್ಧ ಹೇಳಿ ಬಿಡುವ ಬದಲು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಬಾಡಿಗೆಯ ಮಾತನ್ನು ನಾನು ಆಮೇಲೆ ಎತ್ತುತ್ತೇನೆ. ಹೊರಡುವವರಲ್ಲಿ ದೊಡ್ಡವರು ಎಷ್ಟು ಮಂದಿ, ಅವರಲ್ಲಿ ಎಷ್ಟು ಮಂದಿಗೆ ಈಜು ಬರುತ್ತದೆ, ಅತಿ ಸಣ್ಣ ಮಗುವಿಗೆ ಎಷ್ಟು ವಯಸ್ಸು ಎಂದು ಮೊದಲು ಕೇಳುತ್ತೇನೆ. ರೆಸಾರ್ಟಿಗೆ ನಾವು ಕೊಡುವ ಹಣದಲ್ಲಿ ದೊಡ್ಡದೊಂದು ಪಾಲು ಕಾವಲಿಗೆ ಹೋಗುತ್ತದೆ. ಸುತ್ತುಗೋಡೆ, ಗೇಟಿನಲ್ಲಿ ಕುಳಿತವನು, ಈಜುಕೊಳದ ಅಂಚಿನಲ್ಲಿ ನಿಂತವನು, ಮಕ್ಕಳ ಆಟದ ಕೋಣೆಯನ್ನು ನೋಡಿಕೊಳ್ಳುವ ಹುಡುಗಿ, ನಡುರಾತ್ರಿ ಮಗುವಿಗೆ ಜ್ವರ ಬಂದರೆ ವಾಹನ ತರಿಸಿಕೊಡುವವರು, ಇವರೆಲ್ಲರ ಸಂಬಳ ಆ ಬಾಡಿಗೆಯೊಳಗಿದೆ. ದ್ವೀಪದ ಮನೆಯಲ್ಲಿ ಈ ಕೆಲಸಗಳೆಲ್ಲ ನಿಮ್ಮವೇ. ಅಲ್ಲಿ ಬಾಡಿಗೆ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಕಣ್ಣಿಡಲು ನಿಮ್ಮ ಮನೆಯಲ್ಲೇ ಜನರಿದ್ದರೆ ದ್ವೀಪಕ್ಕೆ ಹೋಗಿ. ಇಲ್ಲದಿದ್ದರೆ ಆ ಕಾವಲನ್ನು ಹಣ ಕೊಟ್ಟು ಪಡೆಯಿರಿ. ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ.

ವಲಿಯಪರಂಬದ ನಕ್ಷೆಯನ್ನು ಒಮ್ಮೆ ನೋಡಿ. ಉದ್ದ ಸುಮಾರು 24 ಕಿಲೋಮೀಟರ್, ವಿಸ್ತೀರ್ಣ ಸುಮಾರು 16 ಚದರ ಕಿಲೋಮೀಟರ್. ಅಂದರೆ ಸರಾಸರಿ ಅಗಲ ಒಂದು ಕಿಲೋಮೀಟರ್ ಕೂಡ ಇಲ್ಲ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಉತ್ತರ ಕೇರಳದ ಅತಿ ದೊಡ್ಡ ಹಿನ್ನೀರಾದ ಕವ್ವಾಯಿ. ಅಂಗಳದಲ್ಲಿ ಆಡುವ ಮಗು ಯಾವ ದಿಕ್ಕಿಗೆ ಓಡಿದರೂ ಕೊನೆಗೆ ನೀರೇ ಸಿಗುತ್ತದೆ. ಇಲ್ಲಿಯ ಮನೆಗಳಲ್ಲಿ ಹುಟ್ಟಿದ ಮಕ್ಕಳು ನೀರನ್ನು ಓದುತ್ತಲೇ ಬೆಳೆಯುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವಿಗಾಗಲೀ, ನಮ್ಮ ಅಡಿಕೆ ತೋಟದ ಮಗುವಿಗಾಗಲೀ ಆ ಓದು ಇಲ್ಲ. ತೋಟದ ಕೆರೆಯ ನೀರು ನಿಂತ ನೀರು, ಹಿನ್ನೀರು ಹಾಗಲ್ಲ. ಉಬ್ಬರ ಇಳಿಯುವಾಗ ಅದು ಅಳಿವೆಯ ಕಡೆಗೆ ಸೆಳೆಯುತ್ತದೆ. ಬೆಳಿಗ್ಗೆ ಮೊಣಕಾಲುದ್ದ ಇದ್ದ ಜಾಗ ಮಧ್ಯಾಹ್ನಕ್ಕೆ ಸೊಂಟ ಮುಟ್ಟಬಹುದು.

ಸಮುದ್ರದ ಬಗ್ಗೆ ಇನ್ನೂ ಎಚ್ಚರಿಕೆಯಿಂದ ಹೇಳಬೇಕಾದ ಮಾತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು ಎಂಬುದು ಎಲ್ಲರಿಗೂ ಗೊತ್ತು, ಆಗ ಯಾರೂ ಮಕ್ಕಳನ್ನು ಇಳಿಸುವುದಿಲ್ಲ. ನನಗೆ ಹೆದರಿಕೆ ಏಪ್ರಿಲ್ ಮತ್ತು ಮೇ ತಿಂಗಳುಗಳದ್ದು. ದೂರದ ದಕ್ಷಿಣದ ಮಹಾಸಾಗರದಲ್ಲಿ ಬಿರುಗಾಳಿ ಎದ್ದರೆ ಅದು ಎಬ್ಬಿಸಿದ ಉದ್ದನೆಯ ಅಲೆಗಳು ಕೆಲವು ದಿನಗಳ ನಂತರ ನಮ್ಮ ತೀರಕ್ಕೆ ಬಂದು ಬಡಿಯುತ್ತವೆ. ಇಲ್ಲಿ ಗಾಳಿ ಇರುವುದಿಲ್ಲ, ಆಕಾಶ ಸ್ವಚ್ಛ, ಬಿಸಿಲು ಚೆನ್ನಾಗಿದೆ; ಆದರೂ ನೀರು ಇದ್ದಕ್ಕಿದ್ದಂತೆ ದಂಡೆ ಹತ್ತುತ್ತದೆ. ಕೇರಳದ ಬೆಸ್ತರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. 2012ರಲ್ಲಿ ಯುನೆಸ್ಕೊ ಕೂಡ ಇದೇ ಹೆಸರನ್ನು ಒಪ್ಪಿಕೊಂಡಿತು. 2024ರ ಮಾರ್ಚ್ ಕೊನೆಯಲ್ಲಿ ಕೇರಳದ ಹಲವು ಕಡೆ ಇದು ಮನೆಗಳೊಳಗೆ ನುಗ್ಗಿತ್ತು. ಹೈದರಾಬಾದಿನಲ್ಲಿರುವ ಇನ್‌ಕಾಯಿಸ್, ಅಂದರೆ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ, ಇದರ ಮುನ್ನೆಚ್ಚರಿಕೆ ಕೊಡುತ್ತದೆ, ಪತ್ರಿಕೆಗಳಲ್ಲೂ ಬರುತ್ತದೆ. ಏಪ್ರಿಲ್ ರಜೆಯಲ್ಲಿ ಹೊರಟವರು ಹವಾಮಾನದ ಜೊತೆಗೆ ಈ ಸೂಚನೆಯನ್ನೂ ನೋಡಿಯೇ ಮಕ್ಕಳನ್ನು ಮರಳಿಗೆ ಬಿಡಬೇಕು. ರೆಸಾರ್ಟಿನಲ್ಲಿ ಅದನ್ನು ನೋಡಿ ದಂಡೆಗೆ ಇಳಿಯಬೇಡಿ ಎಂದು ಹೇಳುವವರು ಇರುತ್ತಾರೆ. ದ್ವೀಪದಲ್ಲಿ ಮನೆಯೊಡೆಯರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ದೋಣಿಯ ವಿಷಯದಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಮಂದಿ ತೀರಿಕೊಂಡರು, ಅವರಲ್ಲಿ ಮಕ್ಕಳೇ ಹೆಚ್ಚು. ಮಿತಿ ಮೀರಿ ಜನರನ್ನು ತುಂಬಿಕೊಂಡಿದ್ದ ದೋಣಿ ಅದು. ಆದ್ದರಿಂದ ಪರವಾನಗಿ ಇದೆಯೇ, ಎಷ್ಟು ಮಂದಿಗೆ ಇದೆ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಕೇಳಿ. ದೊಡ್ಡವರ ಜಾಕೆಟನ್ನು ನಾಲ್ಕು ವರ್ಷದ ಮಗುವಿಗೆ ಕಟ್ಟಿದರೆ ಮಗು ನೀರಿನಲ್ಲಿ ಅದರೊಳಗಿಂದ ಜಾರಿಬಿಡುತ್ತದೆ. ಕೇಳಿದ್ದಕ್ಕೆ ದೋಣಿಯವರು ಮುಖ ಸಿಂಡರಿಸಿದರೆ ಆ ದೋಣಿ ಬೇಡ.

ಇನ್ನು ಹಣ. ಬೇಕಲದ ದೊಡ್ಡ ರೆಸಾರ್ಟುಗಳಲ್ಲಿ ರಜಾದಿನದ ಕೋಣೆ ಬಾಡಿಗೆ 7,500 ರೂಪಾಯಿ ದಾಟುವುದೇ ಹೆಚ್ಚು. ಈ 7,500 ಎಂಬ ಗೆರೆಯನ್ನು ನೆನಪಿಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ಅಷ್ಟರವರೆಗಿನ ಕೋಣೆಗೆ ಜಿಎಸ್‌ಟಿ ಶೇಕಡಾ 5, ಅದನ್ನು ದಾಟಿದರೆ ಶೇಕಡಾ 18. ಹತ್ತು ಸಾವಿರದ ಕೋಣೆಗೆ 1,800 ತೆರಿಗೆ. ಮೂರು ಸಾವಿರದ ಕೋಣೆಗೆ 150. ಅಂತಹ ದುಬಾರಿ ಹೋಟೆಲಿನೊಳಗಿನ ಊಟಕ್ಕೂ ಶೇಕಡಾ 18, ಹೊರಗಿನ ಸಾಮಾನ್ಯ ಹೋಟೆಲಿನ ಊಟಕ್ಕೆ ಶೇಕಡಾ 5. ರೆಸಾರ್ಟಿನ ಕೋಣೆ ಸಾಮಾನ್ಯವಾಗಿ ಇಬ್ಬರು ದೊಡ್ಡವರು ಮತ್ತು ಒಂದು ಸಣ್ಣ ಮಗುವಿನ ಲೆಕ್ಕದ್ದು. ಅತ್ತೆ, ಮಾವ, ಎರಡನೆಯ ಮಗು ಸೇರಿದರೆ ಇನ್ನೊಂದು ಕೋಣೆ ಹಿಡಿಯಲೇಬೇಕು, ತೆರಿಗೆಯೂ ಇಮ್ಮಡಿಸುತ್ತದೆ. ದ್ವೀಪದಲ್ಲಿ ಅದೇ ಕುಟುಂಬ ಒಂದು ಇಡೀ ಮನೆಯಲ್ಲಿ ಉಳಿಯಬಹುದು. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರದಲ್ಲಂತೂ ರೆಸಾರ್ಟಿನ ದರ ಏರುತ್ತದೆ. ದ್ವೀಪಕ್ಕೆ ಹೋಗಲು ಎಲ್ಲಕ್ಕಿಂತ ಒಳ್ಳೆಯ ಹವೆ ಇರುವುದೂ ಅದೇ ಡಿಸೆಂಬರಿನಲ್ಲಿ. ಕರ್ನಾಟಕದವರ ದಸರಾ ರಜೆಯಲ್ಲಿ ಸಂಜೆ ಹೊತ್ತಿಗೆ ತುಲಾಮಳೆಯ, ಅಂದರೆ ಹಿಂಗಾರಿನ, ಗುಡುಗು ಸಿಡಿಲು ಇರುತ್ತದೆ. ಆಗ ಹಿನ್ನೀರಿನ ನಡುವೆ ದೋಣಿಯಲ್ಲಿರುವುದು ಕ್ಷೇಮವಲ್ಲ.

ಹಣ ಉಳಿಯಿತು ಎಂದು ಗಂಡಸರು ಲೆಕ್ಕ ಹಾಕುವಾಗ ಒಂದು ಸಾಲನ್ನು ಬಿಟ್ಟುಬಿಡುತ್ತಾರೆ. ಅಡುಗೆಮನೆ ಇರುವ ಮನೆಯನ್ನು ಹಿಡಿದರೆ ಅಡುಗೆ ಮಾಡುವವರು ಯಾರು? ಮನೆಯಲ್ಲಿ ಮಾಡುವವಳೇ ಇಲ್ಲಿಯೂ ಮಾಡಬೇಕೆಂದಿದ್ದರೆ ಅವಳಿಗೆ ಅದು ರಜೆಯಲ್ಲ, ಅಪರಿಚಿತ ಒಲೆಯ ಮುಂದೆ ಮಾಡುವ ಅದೇ ಕೆಲಸ. ಉಳಿದ ಹಣದಲ್ಲಿ ಊಟವನ್ನು ಮನೆಯೊಡೆಯರಿಂದಲೇ ಮಾಡಿಸಿಕೊಳ್ಳಿ. ಅವರ ಊಟದಲ್ಲಿ ಮೀನು ಮತ್ತು ಬಂಡೆಗೆ ಅಂಟಿಕೊಂಡು ಬೆಳೆಯುವ ಚಿಪ್ಪುಜೀವಿಯಾದ ಕಲ್ಲುಮ್ಮಕಾಯಿಯೇ ಮುಖ್ಯ. ಅದರ ಚಿಪ್ಪಿನೊಳಗೆ ಅಕ್ಕಿ ತುಂಬಿ ಮಾಡಿದ ಅರಿಕ್ಕಡುಕ್ಕ ತಿನ್ನುವವರಿಗೆ ಅಲ್ಲಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ. ನಮ್ಮಂತಹ ಸಸ್ಯಾಹಾರಿಗಳು ಮೊದಲೇ ತಿಳಿಸಿದರೆ ಪುಟ್ಟು ಕಡಲೆ, ಅವಿಯಲ್, ಓಲನ್ ಮಾಡಿಕೊಡುತ್ತಾರೆ. ಹೇಳದೆ ಹೋಗಿ ಅಲ್ಲಿ ಬೇಸರ ಮಾಡಿಕೊಳ್ಳುವುದು ಸರಿಯಲ್ಲ. ಎಳೆಯ ಮಗುವನ್ನು ಹೆತ್ತು ವರ್ಷವಿಡೀ ನಿದ್ದೆಗೆಟ್ಟ ತಾಯಿ ಕೇಳಿದರೆ ನಾನು ಯೋಚಿಸದೆ ಬೇಕಲ ಎನ್ನುತ್ತೇನೆ. ಎರಡು ದಿನ ಯಾರೋ ಬಡಿಸಿದ್ದನ್ನು ಉಣ್ಣುವ, ಯಾರೋ ಮಡಚಿಟ್ಟ ಬಟ್ಟೆ ಉಡುವ ಹಕ್ಕು ಅವಳಿಗಿದೆ.

ಬೇಕಲವನ್ನು ನಾನು ಕಡೆಗಣಿಸುವವಳಲ್ಲ. 1992ರಲ್ಲಿ ಕೇಂದ್ರ ಸರ್ಕಾರ ಅದನ್ನು ವಿಶೇಷ ಪ್ರವಾಸಿ ಪ್ರದೇಶ ಎಂದು ಘೋಷಿಸಿತು, 1995ರಲ್ಲಿ ಬೇಕಲ ರೆಸಾರ್ಟ್ಸ್ ಅಭಿವೃದ್ಧಿ ನಿಗಮ ಬಂತು. ಈಗಿನ ದೊಡ್ಡ ರೆಸಾರ್ಟುಗಳು ಆ ಯೋಜನೆಯ ಫಲ. ಕಪ್ಪಿಲ್‌ನಲ್ಲಿರುವ ತಾಜ್ ರೆಸಾರ್ಟನ್ನು ಕೆಟ್ಟುವಳ್ಳಂ ದೋಣಿಮನೆಗಳ ರೂಪದಲ್ಲಿ ಕಟ್ಟಿದ್ದಾರೆ. ಮಕ್ಕಳಿಗೆ ಅದು ಇಷ್ಟವಾಗುತ್ತದೆ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ, ಸುಮಾರು 40 ಎಕರೆಯ ಕೋಟೆ ಪಕ್ಕದಲ್ಲೇ ಇದೆ. ಕನ್ನಡದ ಮಕ್ಕಳು ಅದರ ಬುರುಜು ಹತ್ತಿ ಸಮುದ್ರ ನೋಡಬೇಕು ಎಂಬುದು ನನ್ನ ಆಸೆ. ಆದರೆ ಕೋಟೆ ನೋಡಲು ರೆಸಾರ್ಟಿನಲ್ಲಿ ಉಳಿಯಬೇಕಾಗಿಲ್ಲ. ದ್ವೀಪಕ್ಕೆ ಹೋಗುವ ದಾರಿಯಲ್ಲಿ ಇಳಿದು ಬಿಸಿಲೇರುವ ಮೊದಲೇ ನೋಡಿಕೊಂಡು ಹೋಗಬಹುದು.

ಮಕ್ಕಳು ಎಂಟು, ಹತ್ತು ದಾಟಿದ್ದರೆ, ಜೊತೆಗೆ ಅತ್ತಿಗೆ, ಭಾವ, ಚಿಕ್ಕಪ್ಪ ಎಂದು ನಾಲ್ಕು ಮಂದಿ ದೊಡ್ಡವರಿದ್ದರೆ ನನ್ನ ಮನಸ್ಸು ಪೂರ್ತಿ ದ್ವೀಪದ ಕಡೆಗೇ. ರೆಸಾರ್ಟಿನಲ್ಲಿ ಮಗುವಿಗಾಗಿ ಎಲ್ಲವನ್ನೂ ಸಿದ್ಧ ಮಾಡಿ ಇಟ್ಟಿರುತ್ತಾರೆ. ವಲಿಯಪರಂಬದಲ್ಲಿ ಊರು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ, ಮಗು ಅದನ್ನು ನೋಡುತ್ತದೆ. ಡಿಸೆಂಬರ್ ಹೊತ್ತಿಗೆ ಹೋದರೆ ಕಲ್ಲುಮ್ಮಕಾಯಿ ಕೃಷಿಯ ಕೆಲಸ ಕಾಣಸಿಗುತ್ತದೆ. ಬಂಡೆಗಳಿಂದ ತಂದ ಸಣ್ಣ ಮರಿಗಳನ್ನು ಹಗ್ಗದ ಸುತ್ತ ಇಟ್ಟು ತೆಳು ಹತ್ತಿ ಬಟ್ಟೆಯಿಂದ ಹೊಲಿಯುತ್ತಾರೆ, ಆ ಹಗ್ಗಗಳನ್ನು ಹಿನ್ನೀರಿನಲ್ಲಿ ಕಂಬಗಳಿಗೆ ಕಟ್ಟಿದ ಚಪ್ಪರದಿಂದ ಇಳಿಬಿಡುತ್ತಾರೆ. ಬಟ್ಟೆ ಕೊಳೆಯುವ ಹೊತ್ತಿಗೆ ಮರಿಗಳು ತಮ್ಮದೇ ನಾರಿನಿಂದ ಹಗ್ಗವನ್ನು ಹಿಡಿದುಕೊಂಡಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕೊಯ್ಲು. ಮಳೆ ಬಂದರೆ ನೀರಿನ ಉಪ್ಪು ಇಳಿದು ಬೆಳೆ ಸಾಯುತ್ತದೆ, ಅದಕ್ಕೇ ಆ ಅವಸರ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಪಡನ್ನದ ಸುತ್ತಮುತ್ತ ಕಲಿಸಿಕೊಟ್ಟ ಈ ಕೃಷಿಯನ್ನು ಹೆಂಗಸರ ಸ್ವಸಹಾಯ ಗುಂಪುಗಳು ಕೈಗೆತ್ತಿಕೊಂಡು ನಡೆಸಿದವು. ಸೊಂಟಮಟ್ಟದ ನೀರಿನಲ್ಲಿ ನಿಂತು ಹಗ್ಗ ಕಟ್ಟುವ ಹೆಂಗಸರನ್ನು ಒಂದು ಬೆಳಗು ನೋಡಿದ ಮಗುವಿಗೆ ತಟ್ಟೆಯಲ್ಲಿರುವ ಆಹಾರದ ಬೆಲೆ ಬೇರೆ ರೀತಿಯಲ್ಲಿ ತಿಳಿಯುತ್ತದೆ.

ಪಕ್ಕದ ಇಡಯಿಲೆಕ್ಕಾಡಿನಲ್ಲಿ ಒಂದು ನಾಗಬನವಿದೆ, ಅದರ ತುಂಬ ಕೋತಿಗಳು. ಓಣಂ ಸಮಯದಲ್ಲಿ ಊರಿನ ಮಕ್ಕಳು ಆ ಕೋತಿಗಳಿಗೆ ಎಲೆ ಹಾಕಿ ಉಪ್ಪಿಲ್ಲದ ಅನ್ನ, ಹಣ್ಣು, ತರಕಾರಿ ಬಡಿಸುತ್ತಾರೆ. ನವೆಂಬರಿನಿಂದ ಮೇವರೆಗೆ ಹೋದರೆ ಹತ್ತಿರದ ಯಾವುದಾದರೂ ಕಾವಿನಲ್ಲಿ, ಅಂದರೆ ದೈವದ ಬನದಲ್ಲಿ, ತೆಯ್ಯಂ ಎಂಬ ದೈವಾರಾಧನೆಯ ಕುಣಿತ ಇದ್ದೇ ಇರುತ್ತದೆ. ಭೂತಕೋಲ ಕಂಡು ಬೆಳೆದ ನಮ್ಮ ಮಕ್ಕಳಿಗೆ ಅದು ಹೊಸದೂ ಹೌದು, ಪರಿಚಿತವೂ ಹೌದು. ಪ್ರವಾಸಿಗರಿಗಾಗಿ ಸಂಜೆ ಅರ್ಧ ಗಂಟೆ ಮಾಡಿ ತೋರಿಸುವ ವೇಷವನ್ನು ನೋಡುವುದಕ್ಕಿಂತ, ಊರಿನವರ ನಡುವೆ ನಿಂತು ಕೈಮುಗಿಯುವುದು ನನ್ನ ಮಟ್ಟಿಗೆ ಸಾವಿರ ಪಾಲು ಮೇಲು.

ಹೋದವರು ಊರನ್ನೂ ಗೌರವಿಸಬೇಕು. ಸಮುದ್ರ ಮತ್ತು ಹಿನ್ನೀರಿನ ನಡುವಿನ ಸಣ್ಣ ಪಟ್ಟಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿಕೊಂಡಿರುತ್ತದೆ. ಹೆಚ್ಚು ಎಳೆದರೆ ಬಾವಿ ಉಪ್ಪಾಗುತ್ತದೆ. ಮೂರು ಹೊತ್ತು ಸ್ನಾನ ಮಾಡಿ ಬರುವ ನಮಗೆ ಅದು ತಿಳಿಯುವುದಿಲ್ಲ, ಪಕ್ಕದ ಮನೆಯವರಿಗೆ ತಿಳಿಯುತ್ತದೆ. ಈ ಕರಾವಳಿಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ನೀಲೇಶ್ವರದ ತೈಕಡಪ್ಪುರದಲ್ಲಿ ಊರವರೇ ಮೊಟ್ಟೆಗಳನ್ನು ಕಾಯುತ್ತಾರೆ. ರಾತ್ರಿ ಮರಳಿನ ಮೇಲೆ ದೀಪ ಹಾಕಿಕೊಂಡು ಹಾಡು ಹಚ್ಚುವುದು ಬೇಡ.

ಹೋಗುವ ದಾರಿ ಸುಲಭ. ಪ್ಯಾಸೆಂಜರ್ ರೈಲಿನಲ್ಲಿ ಚೆರ್ವತ್ತೂರಿನಲ್ಲೋ ತೃಕ್ಕರಿಪುರದಲ್ಲೋ ಇಳಿದರೆ ಮುಂದೆ ಆಟೋ ಇದೆ. ಮಳೆಗಾಲದಲ್ಲಿ ಹೆದ್ದಾರಿಗಿಂತ ರೈಲನ್ನೇ ನಂಬಿ. 2025ರ ಜುಲೈನಲ್ಲಿ ಚೆರ್ವತ್ತೂರಿನ ವೀರಮಲ ಗುಡ್ಡ ಹೆದ್ದಾರಿಗೇ ಕುಸಿದಿತ್ತು.

ಮನೆ ಗೊತ್ತು ಮಾಡುವಾಗ ಫೋನಿನಲ್ಲಿ ಕೆಲವು ಮಾತು ಕೇಳಿಕೊಳ್ಳಿ. ಕೇರಳ ಪ್ರವಾಸೋದ್ಯಮ ಇಲಾಖೆ ಹೋಂಸ್ಟೇಗಳಿಗೆ ಸಿಲ್ವರ್, ಗೋಲ್ಡ್, ಡೈಮಂಡ್ ಎಂಬ ದರ್ಜೆ ಕೊಡುತ್ತದೆ. ಮನೆಯವರು ಅಲ್ಲೇ ವಾಸವಿರಬೇಕು ಎಂಬುದು ಅದರ ಷರತ್ತು. ಬೀಗದ ಕೈ ಕೊಟ್ಟು ಹೊರಟುಹೋಗುವ ಮನೆ ಮಕ್ಕಳಿರುವವರಿಗೆ ಬೇಡ. ನೀರಿನ ಕಡೆಗೆ ಬೇಲಿ ಇದೆಯೇ, ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ವಾಹನ ಯಾರದು ಎಂಬುದನ್ನೂ ಕೇಳಿ. ಮಲಯಾಳಂ ಬಾರದ ಬೆಂಗಳೂರಿನವರು ಬಲ್ಲ ನೆಂಟರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಎಷ್ಟೋ ಸಲೀಸು. ಮನೆಯಲ್ಲಿ ವಯಸ್ಸಾದ ಅಜ್ಜಿ ಹೊರಟಿದ್ದರೆ ಕಡವಿನ ದಾರಿ ಕಷ್ಟ, ಉಬ್ಬರ ಇಳಿದಾಗ ಮೆಟ್ಟಿಲಿಗೂ ದೋಣಿಗೂ ನಡುವೆ ಎತ್ತರ ಹೆಚ್ಚಾಗುತ್ತದೆ. ಅಂತಹವರು ಉತ್ತರದಲ್ಲಿ ಸೇತುವೆ ಇರುವ ಮಾವಿಲಾಕಡಪ್ಪುರದ ಕಡೆ, ಕಾರು ಬಾಗಿಲವರೆಗೆ ಬರುವ ಮನೆಯನ್ನೇ ಹಿಡಿಯಿರಿ.